ಹೆಸರು ಯಾವ ಪಟ್ಟಿಯಲ್ಲಿ? ಪಟ್ಟಿ ಯಾರ ಕೈಯಲ್ಲಿ?

ಪ್ರತಿ ವರ್ಷ ಜುಲೈ, ಆಗಸ್ಟ್ ಬಂತೆಂದರೆ ಇಂಗ್ಲೆಂಡಿನ ಮನೆಗಳಿಗೆ ಸ್ಥಳೀಯ ಕೌನ್ಸಿಲ್‌ನಿಂದ ಒಂದು ಪತ್ರ ಬರತೊಡಗುತ್ತದೆ. ಈ ವಿಳಾಸದಲ್ಲಿ ಯಾರ್‍ಯಾರು ವಾಸವಾಗಿದ್ದಾರೆ, ಮತದಾರರ ಪಟ್ಟಿಯಲ್ಲಿರುವ ಹೆಸರುಗಳು ಸರಿಯಾಗಿವೆಯೇ ಎಂದು ಕೇಳುವ ಪತ್ರ ಅದು. ನಾವು ಇಲ್ಲಿಗೆ ಬಂದ ಮೊದಲ ವರ್ಷ ಅದನ್ನು ಹಿಂದಿನ ಬಾಡಿಗೆದಾರರಿಗೆ ಬಂದದ್ದೆಂದುಕೊಂಡು ಫ್ರಿಜ್ಜಿನ ಮೇಲಿಟ್ಟು ಮರೆತೆವು. ಎರಡನೆಯ ಪತ್ರ ಬಂದಾಗ ‘ನಾವು ಭಾರತದ ಪ್ರಜೆಗಳು, ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದುಕೊಂಡೆವು. ಎರಡೂ ಸಲ ತಪ್ಪಿದ್ದು ನಾವೇ.

ಅದೇ ಹೊತ್ತಿಗೆ ಊರಿನಲ್ಲಿ ಬಿಎಲ್‌ಒ ಮನೆಯ ಬಾಗಿಲಿಗೆ ಬಂದು ‘ಮಗ, ಸೊಸೆ ಎಲ್ಲಿದ್ದಾರೆ?’ ಎಂದು ಕೇಳಿದರೆ ಅಪ್ಪ ಅಮ್ಮ ಹೆಮ್ಮೆಯಿಂದ ‘ಲಂಡನ್ನಿನಲ್ಲಿದ್ದಾರೆ’ ಎನ್ನುತ್ತಾರೆ. ಆ ಒಂದು ಮಾತಿನಿಂದ ಪಟ್ಟಿಯಲ್ಲಿನ ಹೆಸರಿಗೆ ಏನಾಗುತ್ತದೆ ಎಂದು ಯಾರೂ ಯೋಚಿಸಿರುವುದಿಲ್ಲ.

ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ (ಎಸ್‌ಐಆರ್) ಕುರಿತ ಚರ್ಚೆ ಆರಂಭವಾದ ಮೇಲೆ ಊರಿಗೆ ಫೋನ್ ಮಾಡಿದಾಗೆಲ್ಲ ಈ ಪ್ರಶ್ನೆ ಬರುತ್ತಿದೆ. 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಿದ್ದವು. ಆ ಹೆಸರುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಚುನಾವಣಾ ಆಯೋಗಕ್ಕೆ ಸೂಚಿಸಬೇಕಾಯಿತು. ಮೃತಪಟ್ಟವರು, ಎರಡು ಕಡೆ ಹೆಸರಿರುವವರು ಎಂಬ ಕಾರಣಗಳ ಜೊತೆಗೆ ‘ಸ್ಥಳಾಂತರಗೊಂಡವರು’ ಎಂಬ ಕಾರಣವೂ ಇತ್ತು. ವಿದೇಶದಲ್ಲಿ ದುಡಿಯುವ ಮಕ್ಕಳಿರುವ ಮನೆಗಳನ್ನು ನೇರವಾಗಿ ತಟ್ಟುವ ಪದ ಅದು.

ಪಟ್ಟಿಗೆ ಹೆಸರು ಸೇರಿಸುವ, ತೆಗೆಯುವ ಅಧಿಕಾರ ಯಾರದು, ಆ ಅಧಿಕಾರಿಯನ್ನು ನೇಮಿಸುವವರು ಯಾರು? ಈ ಪ್ರಶ್ನೆಗೆ ಒಂದೊಂದು ದೇಶದ ನಗರಗಳಲ್ಲಿ ಒಂದೊಂದು ಉತ್ತರವಿದೆ. ಮತದಾನದ ದಿನ ಎಲ್ಲರ ಕಣ್ಣೂ ಮತಯಂತ್ರದ ಮೇಲಿರುತ್ತದೆ. ಆದರೆ ಯಾರು ಮತ ಹಾಕಬಹುದು ಎಂಬುದು ಅದಕ್ಕೂ ತಿಂಗಳುಗಳ ಮೊದಲೇ ಒಬ್ಬ ಅಧಿಕಾರಿಯ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ನಮ್ಮ ಜನ ಹೆಚ್ಚಾಗಿರುವ ಕೆಲವು ದೇಶಗಳ ವ್ಯವಸ್ಥೆಯನ್ನು ಊರಿನ ವ್ಯವಸ್ಥೆಯ ಜೊತೆಗಿಟ್ಟು ನೋಡೋಣ.

ಬ್ರಿಟನ್: ಕೌನ್ಸಿಲ್ ನೇಮಿಸಿದರೂ ಕಾನೂನಿಗೆ ಬದ್ಧ

ಇಂಗ್ಲೆಂಡಿನಲ್ಲಿ ದೇಶಕ್ಕೆಲ್ಲ ಒಂದೇ ಮತದಾರರ ಪಟ್ಟಿ ಎಂಬುದಿಲ್ಲ. 1983ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲಾ ಕೌನ್ಸಿಲ್ ಮತ್ತು ಲಂಡನ್ನಿನ ಪ್ರತಿ ಬರೋ ಕೌನ್ಸಿಲ್ ತನ್ನ ಅಧಿಕಾರಿಗಳಲ್ಲಿ ಒಬ್ಬರನ್ನು ಮತದಾರರ ನೋಂದಣಾಧಿಕಾರಿಯಾಗಿ ನೇಮಿಸಬೇಕು. ಸಾಮಾನ್ಯವಾಗಿ ಕೌನ್ಸಿಲ್‌ನ ಮುಖ್ಯ ಕಾರ್ಯನಿರ್ವಾಹಕರು ಅಥವಾ ಮತ್ತೊಬ್ಬ ಹಿರಿಯ ಅಧಿಕಾರಿಗೆ ಈ ಹೊಣೆ ಬರುತ್ತದೆ. ನಮ್ಮ ಪಾಲಿಕೆ ಆಯುಕ್ತರಿಗೇ ಪಟ್ಟಿಯ ಹೊಣೆ ಕೊಟ್ಟಂತೆ ಎನ್ನಬಹುದು.

ಆದರೆ ಒಂದು ವ್ಯತ್ಯಾಸವಿದೆ. ನೇಮಕ ಮಾಡುವುದು ಕೌನ್ಸಿಲ್ ಆದರೂ ಪಟ್ಟಿಯ ವಿಷಯದಲ್ಲಿ ಆ ಅಧಿಕಾರಿ ಕೌನ್ಸಿಲರ್‌ಗಳ ಮಾತು ಕೇಳಬೇಕಾಗಿಲ್ಲ. ಆ ಕರ್ತವ್ಯ ವೈಯಕ್ತಿಕವಾಗಿ ಅವರದೇ ಎಂದು ಕಾನೂನು ಹೇಳುತ್ತದೆ. ಸಿಬ್ಬಂದಿ ಮತ್ತು ಹಣ ಒದಗಿಸುವುದು ಕೌನ್ಸಿಲ್‌ನ ಕಡ್ಡಾಯ ಜವಾಬ್ದಾರಿ. ಮುಖ್ಯ ಕಾರ್ಯನಿರ್ವಾಹಕರಂಥ ಹುದ್ದೆಯಲ್ಲಿರುವವರು ಪಕ್ಷ ರಾಜಕೀಯದಲ್ಲಿ ತೊಡಗುವುದಕ್ಕೂ ನಿರ್ಬಂಧವಿದೆ. ಸಕಾರಣವಿಲ್ಲದೆ ಕರ್ತವ್ಯ ಲೋಪವೆಸಗಿದರೆ ದಂಡ ತೆರಬೇಕಾದವರು ಆ ಅಧಿಕಾರಿಯೇ. ಅರ್ಜಿ ತಿರಸ್ಕೃತವಾದರೆ ಮತದಾರ ಕೌಂಟಿ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ಇನ್ನು ನಮ್ಮ ಕುಟುಂಬಗಳಿಗೆ ಮುಖ್ಯವಾದ ವಿಷಯ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಸಂಸತ್ ಚುನಾವಣೆಯೂ ಸೇರಿ ಎಲ್ಲ ಚುನಾವಣೆಗಳಲ್ಲಿ ಮತದಾನದ ಹಕ್ಕಿದೆ. ಭಾರತವೂ ಕಾಮನ್‌ವೆಲ್ತ್‌ಗೆ ಸೇರಿದೆ. ವಿದ್ಯಾರ್ಥಿ ವೀಸಾದಲ್ಲಿ ಬಂದ ಹಾಸನದ ಹುಡುಗನಿಗೂ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಉಡುಪಿಯ ಹೆಣ್ಣುಮಗಳಿಗೂ, ಅವರ ಸಂಗಾತಿಗಳಿಗೂ 18 ವರ್ಷ ತುಂಬಿದ್ದರೆ ಈ ಹಕ್ಕು ಅನ್ವಯಿಸುತ್ತದೆ. ಸಾಮ್ರಾಜ್ಯದ ಕಾಲದಿಂದ ಉಳಿದು ಬಂದ ನಿಯಮ ಇದು. ಇಲ್ಲಿ ಮತ ಹಾಕಿದ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದಾಗ ಅದು ಹೋಗುತ್ತದೆ.

ಕೌನ್ಸಿಲ್‌ನ ಪತ್ರ ಉತ್ತರ ಕೇಳಿದ್ದರೆ ಅದನ್ನು ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ಮನೆಯ ಸದಸ್ಯರ ವಿವರ ಕೊಡದೆ ಸುಮ್ಮನಿದ್ದರೆ 1,000 ಪೌಂಡ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಮೊದಲು ಮನೆಯ ಯಜಮಾನರು ಎಲ್ಲರ ಹೆಸರು ಬರೆದು ಕಳಿಸಿದರೆ ಸಾಕಾಗುತ್ತಿತ್ತು. 2014ರಿಂದ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಗಂಡ ನೋಂದಾಯಿಸಿದರೆ ಹೆಂಡತಿಯ ಹೆಸರೂ ತಾನಾಗಿ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಇನ್ನೂ ಇದೆ.

ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ನೋಂದಣಿ ಮುಗಿದಿರಬೇಕು. 2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಫೋಟೊ ಇರುವ ಗುರುತಿನ ದಾಖಲೆ ತೋರಿಸಬೇಕು. ಅದಕ್ಕೆ ಭಾರತದ ಪಾಸ್‌ಪೋರ್ಟ್ ಸಾಕು. ಪಟ್ಟಿಯಲ್ಲಿ ಹೆಸರಿದ್ದರೆ ಇನ್ನೊಂದು ಅನುಕೂಲವೂ ಇದೆ. ಸಾಲ ಕೊಡುವ ಮುನ್ನ ವಿಳಾಸ ಪರಿಶೀಲಿಸುವ ಸಂಸ್ಥೆಗಳು ಇದೇ ಪಟ್ಟಿಯನ್ನು ನೋಡುತ್ತವೆ. ಮನೆ ಸಾಲಕ್ಕೆ ಅರ್ಜಿ ಹಾಕುವ ಹೊತ್ತಿಗೆ ಎಷ್ಟೋ ಮಂದಿಗೆ ಈ ಪಟ್ಟಿಯ ನೆನಪಾಗುತ್ತದೆ.

ಈ ವ್ಯವಸ್ಥೆಯಲ್ಲಿ ಕೊರತೆ ಇಲ್ಲವೆಂದಲ್ಲ. ಅಧಿಕಾರಿ ಎಷ್ಟೇ ನಿಷ್ಪಕ್ಷಪಾತಿಯಾದರೂ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವ ನಮ್ಮಂಥವರು ಪಟ್ಟಿಯಿಂದ ಜಾರಿಬಿಡುತ್ತೇವೆ. ಹೆಚ್ಚು ಸ್ವಯಂಚಾಲಿತವಾದ ನೋಂದಣಿಯತ್ತ ಸಾಗುವುದಾಗಿ ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದ್ದಕ್ಕೆ ಇಂಥ ಲೋಪಗಳೂ ಕಾರಣ.

ಅಮೆರಿಕ: ಪಕ್ಷಗಳಿಗೇ ಪಾಲು

ಅಮೆರಿಕದ ಹಲವೆಡೆ ಇದಕ್ಕೆ ವಿರುದ್ಧ ದಿಕ್ಕಿನ ಆಲೋಚನೆ ಕಾಣುತ್ತದೆ. ಪಕ್ಷಗಳನ್ನು ದೂರ ಇಡುವುದು ಅಸಾಧ್ಯ, ಆದ್ದರಿಂದ ಎರಡೂ ಪಕ್ಷದವರನ್ನು ಎದುರುಬದುರು ಕೂರಿಸಿ ಒಬ್ಬರ ಮೇಲೊಬ್ಬರು ಕಣ್ಣಿಡಲಿ ಎಂಬುದು ಅಲ್ಲಿನ ಲೆಕ್ಕಾಚಾರ. ನ್ಯೂಯಾರ್ಕ್ ನಗರ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಚುನಾವಣಾ ಮಂಡಳಿಯಲ್ಲಿ 10 ಕಮಿಷನರ್‌ಗಳು. ನಗರದ ಐದು ಬರೋಗಳಿಂದ ತಲಾ ಇಬ್ಬರು, ಡೆಮಾಕ್ರಟಿಕ್ ಪಕ್ಷದವರೊಬ್ಬರು, ರಿಪಬ್ಲಿಕನ್ ಪಕ್ಷದವರೊಬ್ಬರು. ಪಕ್ಷಗಳು ಹೆಸರು ಶಿಫಾರಸು ಮಾಡುತ್ತವೆ, ಸಿಟಿ ಕೌನ್ಸಿಲ್ ನಾಲ್ಕು ವರ್ಷದ ಅವಧಿಗೆ ನೇಮಿಸುತ್ತದೆ.

ಈ ಜೋಡಿ ಕಾವಲು ಎಲ್ಲ ಕಾಲಕ್ಕೂ ಕಾಯಲಿಲ್ಲ. 2016ರ ಏಪ್ರಿಲ್‌ನಲ್ಲಿ ಅಧ್ಯಕ್ಷೀಯ ಪ್ರೈಮರಿ ಚುನಾವಣೆಯ ದಿನ ಬ್ರೂಕ್ಲಿನ್‌ನ ಮತಗಟ್ಟೆಗಳಿಗೆ ಹೋದ ಅನೇಕರಿಗೆ ತಮ್ಮ ಹೆಸರೇ ಇಲ್ಲವೆಂದು ತಿಳಿಯಿತು. ಬಹುಕಾಲ ಮತ ಹಾಕದವರೆಂದು, ಕಾನೂನು ಹೇಳುವ ನೋಟಿಸ್ ಕ್ರಮವನ್ನು ಪಾಲಿಸದೆ, ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ತೆಗೆದುಹಾಕಲಾಗಿತ್ತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2017ರಲ್ಲಿ ಮಂಡಳಿ ರಾಜಿ ಒಪ್ಪಂದಕ್ಕೆ ಬಂದು ತನ್ನ ಪದ್ಧತಿ ತಿದ್ದಿಕೊಳ್ಳಲು ಒಪ್ಪಿತು. ಎರಡು ಪಕ್ಷಗಳು ಪರಸ್ಪರ ಕಾಯುತ್ತವೆ ಸರಿ, ಆದರೆ ಯಾವ ಪಕ್ಷಕ್ಕೂ ಬೇಡವಾದ ಸಾಮಾನ್ಯ ಮತದಾರನನ್ನು ಕಾಯುವವರು ಯಾರು ಎಂಬ ಪ್ರಶ್ನೆ ಆಗ ಎದ್ದಿತು.

ವಿಸ್ಕಾನ್ಸಿನ್ ರಾಜ್ಯದಲ್ಲಿ ನೋಂದಣಿಯ ಹೊಣೆ ನಗರ, ಪಟ್ಟಣಗಳ ಮಟ್ಟದಲ್ಲೇ ಇದೆ. ಅಲ್ಲಿನ ದೊಡ್ಡ ನಗರ ಮಿಲ್ವಾಕಿಯಲ್ಲಿ ಚುನಾವಣಾ ಆಯೋಗದ ಕಾರ್ಯನಿರ್ವಾಹಕ ನಿರ್ದೇಶಕರನ್ನು ಮೇಯರ್ ಹೆಸರಿಸುತ್ತಾರೆ, ನಗರ ಸಭೆ ಅನುಮೋದಿಸುತ್ತದೆ. 2024ರ ಮೇ ತಿಂಗಳಲ್ಲಿ, ಅಧ್ಯಕ್ಷೀಯ ಚುನಾವಣೆಗೆ ಆರು ತಿಂಗಳಿರುವಾಗ, ಮೇಯರ್ ಹಾಲಿ ನಿರ್ದೇಶಕರನ್ನು ಮುಂದುವರಿಸದೆ ಮತ್ತೊಬ್ಬರನ್ನು ಹೆಸರಿಸಿದರು. ಹಾಗೆ ಮಾಡುವ ಅಧಿಕಾರ ಮೇಯರ್‌ಗೆ ಇತ್ತು. ಆದರೆ ಚುನಾವಣೆ ಹತ್ತಿರವಿರುವಾಗ ಇಂಥ ಬದಲಾವಣೆ ಎಷ್ಟು ಚರ್ಚೆಗೆ ದಾರಿಯಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಅಮೆರಿಕದಲ್ಲಿರುವ ಮಕ್ಕಳಿಗೆ ಊರಿನ ಹಿರಿಯರು ಹೇಳಬೇಕಾದ ಮಾತು ಬ್ರಿಟನ್ನಿನ ಮಕ್ಕಳಿಗೆ ಹೇಳುವ ಮಾತಿಗೆ ಪೂರ್ತಿ ವಿರುದ್ಧ. ಎಚ್1ಬಿ, ವಿದ್ಯಾರ್ಥಿ ವೀಸಾ, ಗ್ರೀನ್ ಕಾರ್ಡ್ ಯಾವುದೇ ಇರಲಿ, ಪೌರತ್ವ ಸಿಗುವವರೆಗೆ ಅಮೆರಿಕದ ಮತದಾರರ ನೋಂದಣಿ ಅರ್ಜಿಗೆ ಸಹಿ ಹಾಕಬಾರದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ಮತದಾರರ ನೋಂದಣಿಯನ್ನೂ ಮಾಡುವ ಪದ್ಧತಿ 1993ರ ಕಾಯ್ದೆಯಿಂದ ಬಂದಿದೆ. ಒಂದರ ಹಿಂದೊಂದು ಪ್ರಶ್ನೆಗೆ ಬೆರಳೊತ್ತುತ್ತಾ ಹೋಗುವಾಗ ‘ನಾನು ಅಮೆರಿಕದ ಪ್ರಜೆ’ ಎಂಬಲ್ಲೂ ಹೌದೆಂದು ಒತ್ತಿಬಿಟ್ಟರೆ ಅದನ್ನು ಸುಳ್ಳು ಪೌರತ್ವದ ಹೇಳಿಕೆ ಎಂದು ಪರಿಗಣಿಸುವ ಅಪಾಯವಿದೆ. ಅದು ಗಡೀಪಾರಿನವರೆಗೂ ಹೋಗಬಹುದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಎಂದಾದರೂ ಮತದಾರರಾಗಿ ನೋಂದಾಯಿಸಿಕೊಂಡಿದ್ದಿರಾ ಎಂಬ ಪ್ರಶ್ನೆಯನ್ನೂ ಕೇಳುತ್ತಾರೆ.

ನ್ಯೂಯಾರ್ಕ್ ನಗರ ಇದನ್ನು ಬದಲಿಸಲು ಯತ್ನಿಸಿತ್ತು. ಗ್ರೀನ್ ಕಾರ್ಡ್ ಅಥವಾ ಕೆಲಸದ ಪರವಾನಗಿ ಇರುವವರಿಗೂ ನಗರ ಚುನಾವಣೆಗಳಲ್ಲಿ ಮತದಾನದ ಹಕ್ಕು ಕೊಡುವ ಸ್ಥಳೀಯ ಕಾನೂನು 2022ರ ಜನವರಿಯಲ್ಲಿ ಬಂತು. ಸುಮಾರು 8 ಲಕ್ಷ ಜನರಿಗೆ ಅನ್ವಯಿಸಬಹುದಾಗಿದ್ದ ಆ ಕಾನೂನು ಒಂದು ಚುನಾವಣೆಯಲ್ಲೂ ಬಳಕೆಯಾಗಲಿಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಸಂವಿಧಾನಬಾಹಿರ ಎಂದು ರದ್ದುಪಡಿಸಿತು. ಹಳೆಯ ವಾಟ್ಸ್‌ಆ್ಯಪ್ ಸಂದೇಶ ನಂಬಿ ‘ನ್ಯೂಯಾರ್ಕಿನಲ್ಲಿ ನಮಗೂ ಓಟಿದೆ’ ಎಂದುಕೊಂಡವರಿದ್ದರೆ ಎಚ್ಚರ ವಹಿಸಬೇಕು.

ಉಳಿದ ದೇಶಗಳ ಮಾತು ಚಿಕ್ಕದು. ಸಿಂಗಪುರ, ಕೆನಡಾಗಳ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಆ ದೇಶದ ಪೌರತ್ವ ಬೇಕು. ಆಸ್ಟ್ರೇಲಿಯಾಕ್ಕೆ ಇಂದು ಹೋಗುವವರಿಗೂ ಅದೇ ನಿಯಮ. ಐರ್ಲೆಂಡಿನಲ್ಲಿ ಮಾತ್ರ ಯಾವ ದೇಶದ ಪ್ರಜೆಯಾದರೂ ಅಲ್ಲಿ ವಾಸವಿದ್ದರೆ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಗಲ್ಫ್‌ನಲ್ಲಿ ದುಡಿಯುವ ನಮ್ಮವರಿಗೆ ಅಲ್ಲಿ ಇಂಥ ಹಕ್ಕು ಇಲ್ಲ. ಅವರ ಪಾಲಿಗೆ ಇರುವುದು ಊರಿನ ಪಟ್ಟಿ ಒಂದೇ.

ಊರಿನ ಪಟ್ಟಿ: ಅಧಿಕಾರಿ ರಾಜ್ಯದವರು, ಹಿಡಿತ ಆಯೋಗದ್ದು

ಭಾರತದಲ್ಲಿ ಮೇಯರ್‌ಗಾಗಲಿ, ಪಾಲಿಕೆಯ ಸಭೆಗಾಗಲಿ ಈ ನೇಮಕದ ಅಧಿಕಾರವಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 13ಬಿ ಕಲಂ ಪ್ರಕಾರ ಕೇಂದ್ರ ಚುನಾವಣಾ ಆಯೋಗವು ರಾಜ್ಯ ಸರ್ಕಾರದೊಂದಿಗೆ ಸಮಾಲೋಚಿಸಿ ಪ್ರತಿ ಕ್ಷೇತ್ರಕ್ಕೆ ಮತದಾರರ ನೋಂದಣಾಧಿಕಾರಿಯನ್ನು ಗೊತ್ತುಮಾಡುತ್ತದೆ. ಆ ವ್ಯಕ್ತಿ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಅಧಿಕಾರಿಯಾಗಿರಬೇಕು. ಪಟ್ಟಿಯ ಕೆಲಸ ಮಾಡುವಾಗ ಅವರು ಆಯೋಗದ ನಿಯೋಜನೆಯ ಮೇಲಿದ್ದಾರೆಂದೇ ಕಾನೂನು ಪರಿಗಣಿಸುತ್ತದೆ. ಅಂದರೆ ಸಂಬಳ ಒಂದು ಕಡೆಯದು, ಶಿಸ್ತು ಇನ್ನೊಂದು ಕಡೆಯದು.

ಬೆಂಗಳೂರಿನಲ್ಲಿ ಈ ಹೊಣೆ ಬಿಬಿಎಂಪಿ ಅಧಿಕಾರಿಗಳ ಮೇಲಿತ್ತು. 2022ರ ನವೆಂಬರಿನಲ್ಲಿ ಅಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು. ಮತದಾರರ ಜಾಗೃತಿಗೆಂದು ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಕೆಲಸಗಾರರು ಬಿಎಲ್‌ಒಗಳೆಂದು ಹೇಳಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಕೇಳಿಬಂತು. ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ ಮತ್ತು ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಆದೇಶಿಸಿ, ಆ ಕೆಲಸವನ್ನು ಪಾಲಿಕೆಯ ಹೊರಗಿನ ಅಧಿಕಾರಿಗಳಿಗೆ ವಹಿಸಿತು. ಮೂರೂ ಕ್ಷೇತ್ರಗಳು ವಲಸಿಗರು, ಬಾಡಿಗೆದಾರರು ಹೆಚ್ಚಿರುವಂಥವು. ಮಹದೇವಪುರದ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರಿ ನಮೂನೆ 7ರ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ನೋಂದಣಾಧಿಕಾರಿ ಅವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಸ್ಥಳಕ್ಕೆ ಸಿಬ್ಬಂದಿ ಕಳಿಸಿ ಒಂದೊಂದನ್ನೂ ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಪೊಲೀಸರಿಗೆ ದೂರು ಹೋಯಿತು. ಒಂದು ಮೇಜಿನ ಹಿಂದೆ ಕುಳಿತವರು ತಮ್ಮ ಕೆಲಸ ಸರಿಯಾಗಿ ಮಾಡಿದರೆ ಸುಮಾರು ಆರು ಸಾವಿರ ಜನರ ಹಕ್ಕು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಈ ಉದಾಹರಣೆಗಳನ್ನು ಒಟ್ಟಿಗೆ ನೋಡಿದಾಗ ನಮಗೆ ತೋರುವುದು ಇಷ್ಟು. ಕೌನ್ಸಿಲ್ ನೇಮಿಸಲಿ, ಪಕ್ಷಗಳು ಹಂಚಿಕೊಳ್ಳಲಿ, ಮೇಯರ್ ಹೆಸರಿಸಲಿ, ಆಯೋಗ ಗೊತ್ತುಮಾಡಲಿ, ನೇಮಕದ ಪದ್ಧತಿ ಒಂದರಿಂದಲೇ ಪಟ್ಟಿ ಶುದ್ಧವಾಗುವುದಿಲ್ಲ. ನ್ಯೂಯಾರ್ಕಿನಲ್ಲಿ ಎಡವಿದ್ದೂ ಆಳಂದದಲ್ಲಿ ಉಳಿದದ್ದೂ ನೇಮಕದ ನಂತರದ ಹಂತದಲ್ಲಿ. ಹೆಸರು ತೆಗೆಯುವ ಮೊದಲು ನೋಟಿಸ್ ಕೊಟ್ಟರೇ, ಮನೆಗೆ ಹೋಗಿ ನೋಡಿದರೇ, ಕಾರಣ ಬರೆದರೇ, ಮೇಲ್ಮನವಿಗೆ ದಾರಿ ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿ ಮತದಾರನ ರಕ್ಷಣೆ ಇದೆ. ಈ ನಾಲ್ಕನ್ನೂ ಕೇಳಬೇಕಾದವರು ನಾವೇ. ಊರಿನಲ್ಲಿ ಇಲ್ಲದವರ ಪರವಾಗಿ ಕೇಳುವವರು ಮನೆಯವರಲ್ಲದೆ ಬೇರೆ ಯಾರೂ ಇಲ್ಲ.

ಮನೆಯವರು ಏನು ಮಾಡಬಹುದು?

ಮೊದಲು, ಬಿಎಲ್‌ಒ ಬಂದಾಗ ಸುಳ್ಳು ಹೇಳುವುದು ಬೇಡ. ಮಗ ದುಬೈನಲ್ಲಿದ್ದರೆ ದುಬೈನಲ್ಲಿದ್ದಾನೆ ಎನ್ನಿ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಆದರೆ ಅಲ್ಲಿಗೇ ಮಾತು ನಿಲ್ಲಿಸಬೇಡಿ. ‘ಅವನು ಭಾರತದ ಪ್ರಜೆಯೇ, ಸಾಗರೋತ್ತರ ಮತದಾರನಾಗಿ ಸೇರಿಸಬೇಕು’ ಎಂದು ಸೇರಿಸಿ ಹೇಳಿ. 2010ರ ತಿದ್ದುಪಡಿಯಿಂದ ಬಂದ 20ಎ ಕಲಂ ಈ ಹಕ್ಕು ಕೊಡುತ್ತದೆ. ಬೇರೆ ದೇಶದ ಪೌರತ್ವ ಪಡೆಯದವರು ನಮೂನೆ 6ಎ ಮೂಲಕ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಅರ್ಜಿಯನ್ನು ವಿದೇಶದಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ಪರಿಶೀಲನೆಗೆ ಬಿಎಲ್‌ಒ ಊರಿನ ಮನೆಗೇ ಬರುತ್ತಾರೆ, ಆದ್ದರಿಂದ ಅರ್ಜಿ ಹಾಕಿದ ವಿಷಯ ಮನೆಯವರಿಗೆ ಗೊತ್ತಿರಬೇಕು.

ಇದರ ಮಿತಿಯನ್ನೂ ಹೇಳಬೇಕು. ಸಾಗರೋತ್ತರ ಮತದಾರರು ಊರಿಗೆ ಬಂದು, ಮತಗಟ್ಟೆಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಿ ಮತ ಹಾಕಬೇಕು. ಅಂಚೆಯಿಂದಾಗಲಿ ಆನ್‌ಲೈನ್‌ನಿಂದಾಗಲಿ ಸಾಧ್ಯವಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಲ್ಲಿ ಸುಮಾರು 1.19 ಲಕ್ಷ ಸಾಗರೋತ್ತರ ಮತದಾರರಿದ್ದರು. ಬಂದು ಮತ ಹಾಕಿದವರು ಮೂರು ಸಾವಿರವೂ ಇರಲಿಲ್ಲ, ಅವರಲ್ಲೂ ಬಹುಪಾಲು ಕೇರಳದವರು. ವಿಮಾನದ ಟಿಕೆಟ್ ದರ, ರಜೆ ಎರಡನ್ನೂ ಬಲ್ಲವರಿಗೆ ಈ ಸಂಖ್ಯೆ ಅಚ್ಚರಿ ತರದು. ಆದರೂ ಹೆಸರು ಇರಲಿ ಎನ್ನುತ್ತೇವೆ. ಗಲ್ಫ್‌ನಿಂದ ಒಂದು ದಿನ ಮರಳಿ ಬರುವವರಿಗೆ ಊರಿನೊಂದಿಗೆ ಉಳಿದ ಕಾನೂನಿನ ನಂಟುಗಳಲ್ಲಿ ಇದೂ ಒಂದು. ಮರಳಿ ಬಂದು ನೆಲೆಸಿದ ಮೇಲೆ ಸಾಮಾನ್ಯ ಮತದಾರರಾಗಿ ಮತ್ತೆ ಅರ್ಜಿ ಹಾಕಿದರಾಯಿತು.

ಎರಡನೆಯದಾಗಿ, ಕರಡು ಪಟ್ಟಿ ಪ್ರಕಟವಾದಾಗ ಮನೆಯ ಎಲ್ಲರ ಹೆಸರನ್ನೂ ಹುಡುಕಿ ನೋಡಿ. ಮೊಬೈಲ್ ಬಳಸಲು ಬಾರದ ಹಿರಿಯರ ಪರವಾಗಿ ವಿದೇಶದಲ್ಲಿರುವ ಮಕ್ಕಳು ಆಯೋಗದ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಿಬಿಡಬಹುದು. ಸಂದೇಹವಿದ್ದರೆ ಊರಿನಿಂದ 1950 ಸಂಖ್ಯೆಗೆ ಕರೆ ಮಾಡಿ. ಹೆಸರು ತೆಗೆಯುವ ನೋಟಿಸ್ ಬಂದರೆ ಉತ್ತರ ಕೊಡದೆ ಬಿಡಬೇಡಿ. ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಮೂರನೆಯದು ನಮಗೆ, ಹೊರಗಿರುವವರಿಗೆ. ನಾವಿರುವ ನಗರದಲ್ಲಿ ಪಟ್ಟಿಯ ಹೊಣೆ ಯಾರದು, ಅದರಲ್ಲಿ ನಮಗೆ ಜಾಗವಿದೆಯೇ ಎಂಬುದನ್ನು ಮನೆ ಬದಲಿಸಿದಾಗಲೆಲ್ಲ ವಿಚಾರಿಸಬೇಕು. ಬ್ರಿಟನ್ನಿನಲ್ಲಿ ಜಾಗವಿದ್ದೂ ಬಿಟ್ಟುಕೊಡುತ್ತೇವೆ, ಅಮೆರಿಕದಲ್ಲಿ ಜಾಗವಿಲ್ಲದೆ ಸಹಿ ಹಾಕಿ ಕಷ್ಟಕ್ಕೆ ಸಿಲುಕುವವರಿದ್ದಾರೆ, ಊರಿನಲ್ಲಿ ಜಾಗ ಕಳೆದುಕೊಂಡದ್ದು ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ.

ಕಳೆದ ಸಲ ಕೌನ್ಸಿಲ್‌ನ ಪತ್ರ ಬಂದ ದಿನವೇ ಉತ್ತರ ಕಳಿಸಿ, ಸಂಜೆ ಊರಿಗೆ ಫೋನ್ ಮಾಡಿ ‘ಬಿಎಲ್‌ಒ ಬಂದಿದ್ದರಾ?’ ಎಂದು ಕೇಳಿದೆವು. ಊಟ ಆಯಿತಾ, ಮಳೆ ಬಂತಾ ಎಂಬ ಪ್ರಶ್ನೆಗಳ ಜೊತೆಗೆ ಇದನ್ನೂ ವರ್ಷಕ್ಕೊಮ್ಮೆ ಕೇಳುವುದು ಈಗ ನಮ್ಮ ಮನೆಯ ರೂಢಿಯಾಗಿದೆ.